ಗ್ಲೋವ್ ಬಾಕ್ಸಿನ ಹಿಂದೆ

ಇಪ್ಪತ್ತೇಳು ವರ್ಷ ಬೆವರು ಸುರಿಸಿದ ಗ್ಯಾರೇಜು ತನ್ನ ಪಾಲಿಗಿಲ್ಲ ಎಂದು ಮೇಸ್ತ್ರಿಗೆ ತಿಳಿದದ್ದು ಒಂದು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾಗ. ಯಜಮಾನರು ಅದೇ ಕಾರಿಗೆ ಒರಗಿ ನಿಂತು ಮಗಳ ಜೊತೆ ಫೋನಿನಲ್ಲಿದ್ದರು. ಅಡಿಯಲ್ಲೊಬ್ಬ ಮನುಷ್ಯ ಇದ್ದಾನೆಂಬ ಖಬರೇ ಅವರಿಗಿರಲಿಲ್ಲ.

"ಬುಧವಾರ ಸಹಿ ಹಾಕ್ಬಿಡ್ತೀನಮ್ಮಾ. ಗ್ಯಾರೇಜು ಅಳಿಯಂದ್ರ ಹೆಸರಿಗೇ ಆಗ್ಲಿ. ಏನು, ಮೇಸ್ತ್ರಿನಾ? ಅವನೆಲ್ಲಿ ಹೋಗ್ತಾನೆ? ಇಲ್ಲೇ ಬಿದ್ದಿರ್ತಾನೆ ಬಿಡು."

ಇಲ್ಲೇ ಬಿದ್ದಿರ್ತಾನೆ! ಮೂಲೆಯಲ್ಲಿ ಬಿದ್ದಿರುವ ಹಳೇ ಜಾಕಿನ ಬಗ್ಗೆ ಹೇಳುವ ಮಾತು. "ನನ್ನ ನಂತರ ಇದೆಲ್ಲ ನಿಂದೇ ಕಣೋ" ಎಂದು ಇದೇ ಬಾಯಿ ಎಷ್ಟು ಸಲ ಹೇಳಿತ್ತು! ಇಷ್ಟು ವರ್ಷ ಮೂಗಿಗೆ ತುಪ್ಪ ಸವರಿದ್ದಷ್ಟೇ. ಇನ್ನು ಆ ಅಳಿಯನೋ, ಟೈಲ್ಸ್ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಲ್ಲುವವನು, ಸ್ಪ್ಯಾನರಿಗೂ ಸೌಟಿಗೂ ವ್ಯತ್ಯಾಸ ತಿಳಿಯದವನು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ ಬಂದು ಕೂರುತ್ತಾನೆ. ಮೇಸ್ತ್ರಿ ಕಾರಿನಡಿಯಿಂದ ಆಚೆ ಬರಲಿಲ್ಲ. ಯಜಮಾನರು ಫೋನು ಮುಗಿಸಿ ಹೋಗುವ ತನಕ ಅಲ್ಲೇ ಮಲಗಿ, ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ಮತ್ತೆ ಬಿಗಿದ.

ಬುಧವಾರಕ್ಕೆ ಇನ್ನೂ ಎಂಟು ದಿನ ಇತ್ತು. ಸಹಿ ಬೀಳುವ ಮೊದಲು ಯಜಮಾನರು ಹೋಗಿಬಿಟ್ಟರೆ ಗ್ಯಾರೇಜು ಅವರ ಹೆಂಡತಿಯ ಕೈಗೆ ಬರುತ್ತದೆ. ಆಯಮ್ಮನಿಗೆ ಅಳಿಯನನ್ನು ಕಂಡರೆ ಅಷ್ಟಕ್ಕಷ್ಟೆ. ಮೇಸ್ತ್ರಿ ಎಂದರೆ ಮನೆಮಗನ ಹಾಗೆ. "ನೀನೇ ನಡೆಸ್ಕೊಂಡು ಹೋಗಪ್ಪ" ಎಂದು ಅವರ ಬಾಯಿಂದಲೇ ಬರುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಮೇಸ್ತ್ರಿ ಕೋಲು ಹುಡುಕತೊಡಗಿದ.

ಕೋಲನ್ನು ಯಜಮಾನರೇ ತಂದು ಕೈಗಿತ್ತರು. ಗುರುವಾರ ತಮ್ಮ ಹಳೇ ಕಾರನ್ನು ಶೆಡ್ಡಿಗೆ ತಂದು ನಿಲ್ಲಿಸಿ ಮೂಗು ಮುಚ್ಚಿಕೊಂಡೇ ಇಳಿದರು.

"ಲೇ, ಎಸಿ ಹಾಕಿದ್ರೆ ಒದ್ದೆ ನಾಯಿ ವಾಸನೆ ಕಣೋ. ಗಾಳೀನೂ ಬರಲ್ಲ. ಫಿಲ್ಟರ್ ಕಟ್ಕೊಂಡಿದೆ ಅನ್ಸುತ್ತೆ, ನೋಡು."

ಮೇಸ್ತ್ರಿ ಗ್ಲೋವ್ ಬಾಕ್ಸು ಬಿಚ್ಚಿ, ಹಿಂದಿನ ಗೂಡಿನಿಂದ ಫಿಲ್ಟರ್ ಎಳೆದು ನೋಡಿದ. ಒಂದು ಕಾಲದಲ್ಲಿ ಬಿಳಿಯಿದ್ದದ್ದು ಈಗ ಬೂದಿಯ ಬಣ್ಣ. ಮಡಿಕೆಗಳಲ್ಲಿ ಒಣಗಿದೆಲೆ, ಸತ್ತ ನೊಣ, ಇಲಿಯೊಂದು ಗೂಡು ಕಟ್ಟಲು ತಂದಿಟ್ಟ ಹತ್ತಿಯ ಎಳೆ.

"ಇದ್ರಲ್ಲಿ ಗಾಳಿ ಬರೋದಿರ್ಲಿ ಯಜಮಾನ್ರೇ, ಗಾಳಿ ಮಾತೂ ಬರಲ್ಲ. ಹಳೇ ಮಾಡೆಲ್ಲು, ಪಾರ್ಟ್ ತರಿಸ್ಬೇಕು. ಮುಂದಿನ ವಾರ ಹಾಕ್ಕೊಡ್ತೀನಿ."

ಅದನ್ನೇ ವಾಪಸು ತಳ್ಳಿ ಬಾಗಿಲು ಹಾಕಿದ. ಪಾರ್ಟು ಹಿಂದಿನ ಕಪಾಟಿನಲ್ಲೇ ಇತ್ತು. ಸುಳ್ಳು ಹೇಳಿದ ಕ್ಷಣಕ್ಕೆ ಮೇಸ್ತ್ರಿಯ ಬಳಿ ಯೋಜನೆಯೇನೂ ಇರಲಿಲ್ಲ. ಅದು ಹುಟ್ಟಿದ್ದು ಗ್ಲೋವ್ ಬಾಕ್ಸಿನಲ್ಲಿ ಉರುಳಿದ ಉಬ್ಬಸದ ಪಂಪು ಕಣ್ಣಿಗೆ ಬಿದ್ದ ಮೇಲೆ.

ಯಜಮಾನರ ಉಬ್ಬಸದ ಕತೆ ಗ್ಯಾರೇಜಿಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಬೇಕರಿಯವನೊಬ್ಬ ಹಿಟ್ಟು ಸಾಗಿಸುವ ವ್ಯಾನು ತಂದಿದ್ದ. ಯಜಮಾನರು ಒಳಗೆ ತಲೆ ಹಾಕಿದ್ದೇ ತಡ, ಮುಖ ನೀಲಿಗಟ್ಟಿತು. ಮೂರು ದಿನ ಆಸ್ಪತ್ರೆ. "ಹಿಟ್ಟಿನ ದೂಳು ನಿಮಗೆ ಆಗೋದೇ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ನನ್ನ ಹತ್ರ ಬರೋ ತನಕ ಟೈಮ್ ಇರಲ್ಲ" ಎಂದು ಡಾಕ್ಟರು ಹೇಳಿದ್ದನ್ನು ಮೇಸ್ತ್ರಿ ತನ್ನ ಕಿವಿಯಾರೆ ಕೇಳಿದ್ದ. ಆ ದಿನ ಅವರನ್ನು ಹೆಗಲ ಮೇಲೆ ಹೊತ್ತು ಓಡಿದ್ದವನು ಅವನೇ.

ಉಳಿದದ್ದನ್ನು ಅವನು ಎಂಜಿನ್ ಜೋಡಿಸುವ ಹಾಗೆ ಒಂದೊಂದಾಗಿ ಜೋಡಿಸಿದ. ಪ್ರತಿ ಶನಿವಾರ ಮೂರಕ್ಕೆ ಯಜಮಾನರು ಒಬ್ಬರೇ ಕಾರು ಹತ್ತಿ, ಗುಡ್ಡದ ರಸ್ತೆಯಲ್ಲಿ ಮಗಳ ಮನೆಗೆ ಹೋಗುತ್ತಾರೆ. ಬಿಸಿಲಿಗೆ ಗಾಜು ಏರಿಸಿ ಎಸಿ ಹಾಕುತ್ತಾರೆ. ಪೇಟೆಯೊಳಗೆ ನಿಧಾನ, ಎಸಿಯೂ ಸಣ್ಣಗೆ. ಗುಡ್ಡ ಹತ್ತುವಾಗ ಸೆಕೆ ಎಂದು ಫ್ಯಾನು ಪೂರ್ತಿ ತಿರುಗಿಸುವುದು ಅವರ ರೂಢಿ. ಫಿಲ್ಟರಿನಲ್ಲಿ ತುಂಬಿಟ್ಟ ಹಿಟ್ಟು ಆಗಲೇ ಮುಖಕ್ಕೆ ಬಂದು ಬಡಿಯುತ್ತದೆ. ಅಲ್ಲಿ ಮನೆಯಿಲ್ಲ, ಫೋನು ಸಿಗುವುದಿಲ್ಲ. ಪಂಪಿಗೆ ಕೈ ಹಾಕುತ್ತಾರೆ, ಅದು ಖಾಲಿ. ಮುದುಕರು ಪಂಪು ತುಂಬಿದೆಯೋ ಇಲ್ಲವೋ ನೋಡುವುದನ್ನು ಮರೆಯುವುದು ಲೋಕಕ್ಕೇ ಗೊತ್ತು. ಆಮೇಲೆ ಗುಡ್ಡದಲ್ಲಿ ನಿಂತ ಕಾರನ್ನು ಎಳೆದು ತರಲು ಯಾರು ಹೋಗುತ್ತಾರೆ? ಮೇಸ್ತ್ರಿಯೇ. ಹಿಟ್ಟಿನ ಫಿಲ್ಟರ್ ಕಿತ್ತು, ಸತ್ತ ನೊಣದ ಹಳೇ ಫಿಲ್ಟರನ್ನೇ ಗೂಡಿಗೆ ತಳ್ಳಿದರೆ ಮುಗಿಯಿತು. ಯಾರಾದರೂ ತೆಗೆದು ನೋಡಿದರೂ, ಪಾಪ, ಕಟ್ಟಿದ ಫಿಲ್ಟರಿನ ದೂಳೇ ಮುದುಕನನ್ನು ತಿಂದಿತು ಎಂದುಕೊಳ್ಳುತ್ತಾರೆ.

ಶನಿವಾರಕ್ಕೆ ರಜೆ ಬೇಕಿತ್ತು. ರಜೆಗೊಂದು ಕಾರಣ ಬೇಕಿತ್ತು. ಮೇಸ್ತ್ರಿ ಅರೆಬರೆ ಕೆಲಸದವನಲ್ಲ. ಹಲ್ಲುನೋವು ಎಂದು ಹೇಳಿದ ಮೇಲೆ ಹಲ್ಲನ್ನೇ ಕೀಳಿಸಲು ಹೊರಟ.

"ಹೋಗಿ ಬಾ ಮಾರಾಯ, ನೋವು ಇಟ್ಕೊಂಡು ಒದ್ದಾಡ್ಬೇಡ" ಎಂದರು ಯಜಮಾನರು ಶುಕ್ರವಾರ ಸಂಜೆ. "ಸೋಮವಾರಾನೂ ರಜೆ ತಗೋ."

ಈ ಮನುಷ್ಯನೇ ತನಗೆ ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದ್ದು ಎಂಬುದು ಆಗ ನೆನಪಾಯಿತು. ಮೂಸಿ ನೋಡಿ ಆಯಿಲು ಸುಟ್ಟಿದೆಯೇ ಎಂದು ಹೇಳುವುದು, ಹಾಕಿದ ಪಾರ್ಟಿನ ಮೇಲೆ ಗುರುತು ಬರೆಯುವುದು, ಗಿರಾಕಿಯ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು. ಒಮ್ಮೆ ಕೈ ಸುಟ್ಟುಕೊಂಡಾಗ ತಾವೇ ಮುಲಾಮು ಹಚ್ಚಿದ್ದರು. ರಜೆ ಬೇಡವೆನ್ನಲು ಮೇಸ್ತ್ರಿ ಬಾಯಿ ತೆರೆದ. ನಿಜವಾಗಿ ತೆರೆದ. ಅಷ್ಟರಲ್ಲಿ ಅವರು, "ಮಂಗಳವಾರ ಅಳಿಯಂದ್ರು ಬರ್ತಾರೆ, ಅವ್ರ ಟೇಬಲ್ ಇಡೋಕೆ ನಿನ್ನ ಟೂಲ್ ಸ್ಟ್ಯಾಂಡು ಸ್ವಲ್ಪ ಆಚೆ ಸರಿಸ್ಬಿಡು" ಎಂದರು. ಮೇಸ್ತ್ರಿ ಹೋಗಿ ಸ್ಟ್ಯಾಂಡು ಸರಿಸಿದ.

ಶನಿವಾರ ಹನ್ನೊಂದಕ್ಕೆ ದಂತವೈದ್ಯೆ ಕುರ್ಚಿ ಹಿಂದಕ್ಕೆ ಒರಗಿಸಿ ನಕ್ಕಳು. "ಕಿವಿ ಮೇಲಿನ ಪೆನ್ನಾದ್ರೂ ತೆಗೀರಿ ಸಾರ್, ಕಣ್ಣಿಗೆ ಚುಚ್ಚುತ್ತೆ." ಮೇಸ್ತ್ರಿ ಮಾರ್ಕರ್ ಪೆನ್ನನ್ನು ತೆಗೆದು ಜೇಬಿಗಿಟ್ಟ, ಕೆಲಸ ಮುಗಿದು ಎದ್ದ ಕೂಡಲೇ ಅದು ಮತ್ತೆ ಕಿವಿಯ ಮೇಲೆ ಹೋಗಿ ಕೂತಿತು. ಹಲ್ಲಿನ ಜಾಗದಲ್ಲಿ ಹತ್ತಿ, ಜೇಬಿನಲ್ಲಿ ಡಾಕ್ಟರ ಚೀಟಿ. ಊದಿದ ಕೆನ್ನೆಗಿಂತ ದೊಡ್ಡ ಸಾಕ್ಷಿ ಬೇಕೆ?

ಒಂದೂಕಾಲಿಗೆ ಹಿಂದಿನ ಗೇಟಿನಿಂದ ಒಳಬಂದ. ಹುಡುಗರೆಲ್ಲ ಊಟಕ್ಕೆ ಹೋಗಿದ್ದರು. ಮೇಲಿನ ಕೋಣೆಯಲ್ಲಿ ಯಜಮಾನರ ರೇಡಿಯೋ ಹಾಡುತ್ತಿತ್ತು. ರೇಡಿಯೋ ಹಾಡಿದಷ್ಟು ಹೊತ್ತೂ ಅವರು ನಿದ್ದೆ. ಮೇಸ್ತ್ರಿ ರಬ್ಬರ್ ಗ್ಲೋವ್ಸ್ ಹಾಕಿಕೊಂಡ. ಹೊಸ ಫಿಲ್ಟರಿನ ಮಡಿಕೆಗಳಿಗೆ ಮನೆಯಲ್ಲೇ ಹಿಟ್ಟು ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದ.

ಗ್ಲೋವ್ ಬಾಕ್ಸಿನ ಎರಡು ಕೊಂಡಿಗಳನ್ನು ಒಳಕ್ಕೊತ್ತಿದ. ಬಾಕ್ಸು ತಲೆ ಬಾಗಿಸಿ ಕೆಳಗಿಳಿಯಿತು. ಹಳೇ ಫಿಲ್ಟರನ್ನು ಎಲೆಯೂ ನೊಣವೂ ಉದುರದ ಹಾಗೆ ಎಳೆದು ಚೀಲಕ್ಕೆ ಹಾಕಿದ. ಹೊಸದನ್ನು ಬಾಣದ ಗುರುತು ಕೆಳಗೆ ಬರುವಂತೆ ಹಿಡಿದು, ಮೀಟರಿನತ್ತ ಒಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ ಗೂಡಿಗೆ ತಳ್ಳಿದ. ತುಂಬಿದ ಪಂಪು ತೆಗೆದು ಖಾಲಿಯದನ್ನಿಟ್ಟ. ಸೀಟಿನ ಮೇಲೆ ಬಿದ್ದ ಎರಡು ಚಿಟಿಕೆ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಎಲ್ಲ ಸೇರಿ ಆರು ನಿಮಿಷ. ಅವನು ತನ್ನ ಜೀವಮಾನದಲ್ಲೇ ಇಷ್ಟು ಅಚ್ಚುಕಟ್ಟಾಗಿ ಫಿಲ್ಟರ್ ಹಾಕಿರಲಿಲ್ಲ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಹೋಗಿ, ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ.

ಆರು ಗಂಟೆಗೆ ಫೋನು ಬಂತು. ಗುಡ್ಡದ ಮೂರನೇ ತಿರುವಿನಲ್ಲಿ ಕಾರು ನಿಂತಿತ್ತಂತೆ, ಬಾಗಿಲು ತೆರೆದಿತ್ತಂತೆ, ಯಜಮಾನರು ಅರ್ಧ ಹೊರಗೆ ಬಿದ್ದಿದ್ದರಂತೆ, ಕೈಯಲ್ಲಿ ಪಂಪು. ಮೇಸ್ತ್ರಿ ಯಜಮಾನರ ಮನೆಗೆ ಓಡಿದಾಗ ಆಯಮ್ಮ ಅವನ ಕೈ ಹಿಡಿದುಕೊಂಡು, "ನೀನಿರೋದಕ್ಕೆ ಧೈರ್ಯ ಕಣಪ್ಪ" ಎಂದು ಬಿಕ್ಕಿದರು. ಅವನಿಗೂ ಅಳು ಬಂತು. ಅದು ನಾಟಕವಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಗಾಡಿ ನಾನು ಎಳ್ಕೊಂಡು ಬರ್ತೀನಿ" ಎಂದ.

"ಬೇಡ ಮೇಸ್ತ್ರಿ, ಆಗ್ಲೇ ಸ್ಟೇಷನ್ನಿಗೆ ಹೋಯ್ತು" ಎಂದ ಅಳಿಯ, ಕಣ್ಣು ಒರೆಸಿಕೊಳ್ಳುತ್ತ. "ಕಾನ್‌ಸ್ಟೇಬಲ್ ಒಬ್ರು ಓಡಿಸ್ಕೊಂಡು ಹೋದ್ರು."

ಆ ರಾತ್ರಿ ಮೇಸ್ತ್ರಿಗೆ ಹಲ್ಲಿಲ್ಲದ ಜಾಗ ಒಂದೇ ಸಮನೆ ಹೊಡೆದುಕೊಂಡಿತು.

ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಗ್ಯಾರೇಜಿಗೇ ಬಂದರು. ಸಾವಧಾನದ ಮನುಷ್ಯ. ಸ್ಟೂಲಿನ ಮೇಲೆ ಕೂತು, ಮೇಸ್ತ್ರಿಯ ಕೆನ್ನೆ ನೋಡಿ ಅಯ್ಯೋ ಪಾಪ ಎಂದರು.

"ಶನಿವಾರ ನೀವು ಈ ಕಡೆ ಬಂದಿದ್ರಾ?"

"ಇಲ್ಲ ಸಾರ್. ಹಲ್ಲು ಕೀಳಿಸ್ಕೊಂಡು ಮನೇಲಿ ಬಿದ್ದಿದ್ದೆ. ಚೀಟಿ ಇದೆ."

"ಇರ್ಲಿ, ಇರ್ಲಿ. ನಮ್ಮ ಕಾನ್‌ಸ್ಟೇಬಲ್ಲು ಎಸಿ ಹಾಕ್ಕೊಂಡು ಹೋದ್ರೆ, ಸ್ಟೇಷನ್ ಮುಟ್ಟೋ ಹೊತ್ತಿಗೆ ಮೀಸೆಯೆಲ್ಲ ಬೆಳ್ಳಗಾಗಿತ್ತು. ಎಲ್ರೂ ನಕ್ಕಿದ್ದೇ ನಕ್ಕಿದ್ದು. ಆ ಗಾಡಿ ಫಿಲ್ಟರ್ ಯಾರು ಬದಲಾಯಿಸಿದ್ದು?"

"ನಾವಂತೂ ಅಲ್ಲ ಸಾರ್. ಪಾರ್ಟ್ ಬಂದಿಲ್ಲ ಅಂತ ಗುರುವಾರಾನೇ ಹೇಳಿದ್ದೆ. ಯಜಮಾನ್ರು ಹೊರಗೆಲ್ಲೋ ಹಾಕಿಸಿರ್ಬೇಕು." ಧ್ವನಿ ನಡುಗಲಿಲ್ಲ. ನಡುಗಿದ್ದರೂ ಹಲ್ಲಿನ ಮೇಲೆ ಹಾಕಬಹುದಿತ್ತು.

"ಇರ್ಬಹುದು" ಎಂದರು ಇನ್‌ಸ್ಪೆಕ್ಟರ್. "ಅಷ್ಟನ್ನೇ ಒಂದು ಹಾಳೇಲಿ ಬರ್ಕೊಡಿ. ಇವತ್ತಿನ ತಾರೀಕು ಹಾಕಿ. ಮೀಟರು ಈಗ 183463 ಇದೆ, ಅದನ್ನೂ ಬರೀರಿ."

ಮೇಸ್ತ್ರಿ ಕಿವಿಯ ಮೇಲಿನ ಪೆನ್ನು ತೆಗೆದು ಬರೆದುಕೊಟ್ಟ. ಬದುಕಿದೆಯಾ ಬಡಜೀವವೇ ಎಂದುಕೊಂಡ. ಇನ್‌ಸ್ಪೆಕ್ಟರ್ ಹಾಳೆಯನ್ನು ಓದದೆ ಮಡಿಲಲ್ಲಿಟ್ಟುಕೊಂಡು, ಚೀಲದಿಂದ ಫಿಲ್ಟರ್ ತೆಗೆದು ಪಕ್ಕದಲ್ಲಿ ಹಿಡಿದರು. "ಗುಡ್ಡದ ಮೂರನೇ ತಿರುವು ಇಲ್ಲಿಂದ ಮೂವತ್ತೊಂದು ಕಿಲೋಮೀಟರ್. ಅಲ್ಲಿಂದ ಸ್ಟೇಷನ್ನು ಹದಿನೈದು. ಒಟ್ಟು ನಲವತ್ತಾರು. ಸರಿಯಾಗಿ ತಾಳೆ ಆಗುತ್ತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಫಿಲ್ಟರಿನ ಅಂಚನ್ನು ಅವನ ಕಡೆ ತಿರುಗಿಸಿದರು. ಕೆಲಸಕ್ಕೆ ಸೇರಿದ ಮೊದಲ ವಾರ ಯಜಮಾನರು ಕಿವಿ ಹಿಂಡಿ ಕಲಿಸಿದ್ದು, ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಅವನ ಕೈ ತಪ್ಪಿಸದಿದ್ದದ್ದು, ಬರೆದ ನೆನಪೂ ಅವನಿಗಿಲ್ಲದ್ದು, ಅಲ್ಲಿ ಕಪ್ಪು ಮಾರ್ಕರಿನಲ್ಲಿ, ಅವನದೇ ಓರೆ ಅಂಕೆಗಳಲ್ಲಿ ಇತ್ತು: ಶನಿವಾರದ ತಾರೀಕು, 183417, ಕೊನೆಗೆ ಮೇಸ್ತ್ರಿಯ ಪುಟ್ಟ ಸಹಿ.