ಮರಳಿನಡಿಯ ಮೂರು ಮೆಟ್ಟಿಲು

"ಮೂವತ್ತು..."

"ಮೂವತ್ತೊಂದು!"

ಎರಡು ದನಿಗಳು ಒಂದೇ ಕ್ಷಣದಲ್ಲಿ ಕೇಳಿದವು. ಮರುಕ್ಷಣ ಆಕೆಯ ಹಣೆ ಒಂದು ದಪ್ಪ ಪುಸ್ತಕಕ್ಕೆ ಬಡಿಯಿತು. ಕೈಯಲ್ಲಿದ್ದ ಊಟದ ಡಬ್ಬಿ ಜಾರಿ ಕಲ್ಲಿನ ಮೆಟ್ಟಿಲುಗಳ ಮೇಲೆ ಟಣ್ ಟಣ್ ಎಂದು ಉರುಳಿತು.

ಕಡಲದಂಡೆಯಿಂದ ಊರಿಗೆ ಹತ್ತುವ ಮೆಟ್ಟಿಲುಸಾಲು ಅದು. ದಂಡೆಯಲ್ಲಿ ಕೂತಿದ್ದ ತಂದೆಗೆ ಊಟ ಕೊಟ್ಟು, ಆಕೆ ಕೆಳಗಿನಿಂದ ಎಣಿಸುತ್ತ ಹತ್ತುತ್ತಿದ್ದಳು. ಆತ ಮೇಲಿನಿಂದ ಎಣಿಸುತ್ತ ಇಳಿಯುತ್ತಿದ್ದ. ಇಬ್ಬರೂ ತಲೆ ತಗ್ಗಿಸಿದ್ದರು.

"ಕಣ್ಣು ಕಾಣಿಸಲ್ವಾ ನಿಮಗೆ?" ಆಕೆ ಹಣೆ ಉಜ್ಜಿಕೊಂಡಳು.

"ಎಣಿಸ್ತಾ ಇದ್ದೆ."

"ನಾನೂ ಎಣಿಸ್ತಾ ಇದ್ದೆ!"

ಆತ ಓಡಿ ಹೋಗಿ ಡಬ್ಬಿ ತಂದುಕೊಟ್ಟ. ಮುಚ್ಚಳ ಭದ್ರವಾಗಿತ್ತು. "ಹನ್ನೊಂದು ಮೆಟ್ಟಿಲು ಉರುಳಿದೆ," ಎಂದ, ಅದೂ ವರದಿಯ ಒಂದು ಅಂಶವೆಂಬಂತೆ.

ಆಕೆಗೆ ನಗು ತಡೆಯಲಾಗಲಿಲ್ಲ.

"ನಿಮ್ಮದು ಎಷ್ಟಾಗಿತ್ತು?" ಆತ ಕೇಳಿದ.

"ಮೂವತ್ತು."

"ನನ್ನದು ಮೂವತ್ತೊಂದು. ಒಟ್ಟು ಅರವತ್ತೊಂದು." ಆತ ಪುಸ್ತಕದಲ್ಲಿ ಬರೆದುಕೊಂಡ. "ಉಪಕಾರವಾಯ್ತು. ನಾನು ಪುರಸಭೆಗೆ ಹೊಸದಾಗಿ ಬಂದಿರೋ ಎಂಜಿನಿಯರ್."

"ನಾನು ಅಲ್ಲೇ ಗುಮಾಸ್ತೆ."

ಅರವತ್ತೊಂದಲ್ಲ, ಅರವತ್ತನಾಲ್ಕು ಎಂದು ಹೇಳಲು ಆಕೆಯ ಬಾಯಿ ತೆರೆಯಿತು. ಗಾಳಿ ಶಾಂತವಾಗಿರುವ ತಿಂಗಳುಗಳಲ್ಲಿ ಮರಳು ಏರಿ ಕೊನೆಯ ಮೂರು ಮೆಟ್ಟಿಲು ಮುಚ್ಚಿಹೋಗುತ್ತವೆ. ಗಾಳಿ ತಿರುಗಿದಾಗ ಮತ್ತೆ ಹೊರಬರುತ್ತವೆ. ದಂಡೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಹೊಸಬರಿಗೂ ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ ಎಂದುಕೊಂಡು ಸುಮ್ಮನಾದಳು. ನಿಜ ಹೇಳಬೇಕೆಂದರೆ, ಅಷ್ಟು ಗಂಭೀರವಾಗಿ ತಪ್ಪು ಬರೆದುಕೊಳ್ಳುತ್ತಿದ್ದ ಆ ಮುಖವನ್ನು ಕೆಡಿಸಲು ಮನಸ್ಸಾಗಲಿಲ್ಲ.

ಆ ಮೌನದ ಬೆಲೆ ಮುಂದಿನ ವಾರ ತಿಳಿಯಿತು.

ಪುರಸಭೆಯ ಸಭಾಕೊಠಡಿಯಲ್ಲಿ ಒಂದು ಉದ್ದನೆಯ ಮೇಜು, ಅದರ ತುದಿಗೆ ಆಕೆಯ ಚಿಕ್ಕ ಮೇಜು. ಸಭೆಯಲ್ಲಿ ಆಡಿದ್ದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯುವುದು ಆಕೆಯ ಕೆಲಸ. ನಡಾವಳಿ ಬರೆಯುವವರು ಸಭೆಯಲ್ಲಿ ಮಾತಾಡುವಂತಿಲ್ಲ.

ಎಂಜಿನಿಯರ್ ಎದ್ದುನಿಂತು ವರದಿ ಓದಿದ.

"ದಾಖಲೆಯ ಪ್ರಕಾರ ಮೆಟ್ಟಿಲುಗಳು ಅರವತ್ತನಾಲ್ಕು. ಎಣಿಸಿದಾಗ ದೊರೆತವು ಅರವತ್ತೊಂದು. ಕೊನೆಯ ಮೂರು ಕೊಚ್ಚಿಹೋಗಿವೆ. ಬುಡ ಸಡಿಲವಾಗಿರುವ ಸಂಭವವಿದೆ. ಮೆಟ್ಟಿಲುಸಾಲನ್ನು ಮುಚ್ಚುವುದು ಸೂಕ್ತ. ಎಣಿಕೆ, ಮೇಲಿನಿಂದ ಎಂಜಿನಿಯರ್. ಕೆಳಗಿನಿಂದ ಕಚೇರಿಯ ಗುಮಾಸ್ತೆ."

ಆಕೆಯ ಲೇಖನಿ ನಿಂತಿತು.

ನನ್ನನ್ನೇ ಸಾಕ್ಷಿ ಮಾಡಿಬಿಟ್ಟರಲ್ಲ...!

"ನಾನು ಆ ಮೆಟ್ಟಿಲು ಇಳಿದು ಒಂಬತ್ತು ವರ್ಷವಾಯ್ತು," ಎಂದರು ಅಧ್ಯಕ್ಷೆ. ವಯಸ್ಸಾದ ಹೆಂಗಸು. "ನನ್ನ ಮಂಡಿ ಆಗಲೇ ರಾಜೀನಾಮೆ ಕೊಟ್ಟಿದೆ. ನಿಮಗ್ಯಾರಿಗಾದ್ರೂ ಗೊತ್ತಾ?"

ಸದಸ್ಯರ ಮನೆಗಳೆಲ್ಲ ಹೊಸ ರಸ್ತೆಯ ಬದಿಗಿದ್ದವು. ಆ ಮೆಟ್ಟಿಲು ತುಳಿಯುವವರು ಅಲ್ಲಿ ಯಾರೂ ಇರಲಿಲ್ಲ.

"ಹಾಗಾದ್ರೆ ನೋಟಿಸು ಹಾಕೋಣ. ಆಕ್ಷೇಪಣೆಗೆ ಮೂವತ್ತು ದಿನ. ಆಮೇಲೆ ಮುಚ್ಚೋದು. ಬರ್ಕೋಮ್ಮ."

ಆಕೆ ಬರೆದುಕೊಂಡಳು.

ಆ ಮೆಟ್ಟಿಲು ಕಟ್ಟಿದ್ದು ಆಕೆಯ ತಂದೆ. ಊರಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆರು ವರ್ಷದ ಹಿಂದೆ ಅವರ ದೃಷ್ಟಿ ಪೂರ್ತಿ ಹೋಯಿತು. ಮೊದಲ ವರ್ಷ ಮಗಳು ಕೈ ಹಿಡಿದು, ಗಟ್ಟಿಯಾಗಿ ಎಣಿಸುತ್ತ ಇಳಿಸಿದಳು. ಆಮೇಲೆ ಅವರೇ ಎಣಿಸಿಕೊಂಡು ಇಳಿಯತೊಡಗಿದರು. ಆಕೆಗೆ ಮಾತ್ರ ಎಣಿಸುವ ಅಭ್ಯಾಸ ಹೋಗಲಿಲ್ಲ. ಅವರ ಪಾಲಿಗೆ ಮನೆಯಾಚೆ ಉಳಿದಿದ್ದ ದಾರಿ ಅದೊಂದೇ. ದಂಡೆಗೆ ಹೊಸ ರಸ್ತೆ ಒಂದೂವರೆ ಮೈಲಿ ಸುತ್ತು, ಎಡಬಿಡದೆ ಲಾರಿಗಳು.

ಸಂಜೆ ತಂದೆಗೆ ವಿಷಯ ಹೇಳಿದಳು.

"ನೋಟಿಸು ಬರೆದೋರು ಯಾರು?" ಮೇಸ್ತ್ರಿ ಕೇಳಿದರು.

"ನಾನೇ ಅಪ್ಪಾ..."

"ಅಕ್ಷರ ದುಂಡಗಿದೆ ತಾನೇ?"

"ಅಪ್ಪಾ! ತಮಾಷೆ ಬೇಡ."

"ಮುಚ್ಚೋದಾದ್ರೂ ಅಂದವಾಗಿ ಮುಚ್ಚಲಿ ಅಂತ." ಅವರು ನಕ್ಕರು. ಆದರೆ ಗೋಡೆಗೆ ಒರಗಿಸಿದ್ದ ಕೋಲನ್ನು ಮುಟ್ಟಿ ನೋಡಿ, ಮತ್ತೆ ಅಲ್ಲೇ ಇಟ್ಟರು.

ಆ ಒಂದು ಚಲನೆಯನ್ನು ಕಂಡು ಆಕೆಗೆ ರಾತ್ರಿಯ ಊಟ ಸೇರಲಿಲ್ಲ.

ಮರುದಿನ ಎಂಜಿನಿಯರ್‌ನ ಮೇಜಿನ ಮುಂದೆ ಹೋಗಿ ನಿಂತಳು.

"ಆ ಮೂರು ಮೆಟ್ಟಿಲು ಎಲ್ಲಿಗೂ ಹೋಗಿಲ್ಲ ಸರ್. ಮರಳಿನ ಕೆಳಗಿವೆ."

ಆತ ತಲೆಯೆತ್ತಿದ. "ಯಾವ ದಾಖಲೆಯಲ್ಲಿದೆ?"

"ದಾಖಲೆಯಲ್ಲಿಲ್ಲ. ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತು ಅಂತ ವರದೀಲಿ ಬರೆಯೋಕಾಗಲ್ಲ ಮೇಡಂ. ಬರವಣಿಗೆಯಲ್ಲಿ ಕೊಡಿ."

"ನಾನು ಕೊಡೋ ಹಾಗಿಲ್ಲ! ನಡಾವಳಿ ಬರೆಯೋರೂ ಅವರ ಮನೆಯವರೂ ಆಕ್ಷೇಪಣೆ ಹಾಕಬಾರದು ಅಂತ ನಿಯಮ. ನಿಮಗೆ ಗೊತ್ತಿಲ್ವಾ?"

"ಗೊತ್ತಿರಲಿಲ್ಲ." ಆತ ಲೇಖನಿ ಕೆಳಗಿಟ್ಟ. "ಆವತ್ತು ಮೆಟ್ಟಿಲ ಮೇಲೆ ಯಾಕೆ ಹೇಳಲಿಲ್ಲ?"

ಆಕೆಯ ಬಳಿ ಇದ್ದ ಒಂದು ಉತ್ತರವನ್ನು ಹೇಳುವಂತಿರಲಿಲ್ಲ.

ದಂಡೆಯಲ್ಲಿ ಮೀನು ಮಾರುವ ಹೆಂಗಸನ್ನು ಕೇಳಿದಳು, "ಅಕ್ಕಾ, ಒಂದು ಅರ್ಜಿ ಬರೆದುಕೊಡ್ತೀರಾ?"

"ಬರೆಯೋದೇನಿದೆ? ಎಲ್ಲರಿಗೂ ಗೊತ್ತಿರೋ ವಿಷ್ಯ! ಮರಳಿನ ಕೆಳಗೆ ಮೆಟ್ಟಿಲಿದೆ ಅಂತ ಅರ್ಜಿ ಹಾಕಿದ್ರೆ ನಾಳೆ ನೀರಲ್ಲಿ ಮೀನಿದೆ ಅಂತಾನೂ ಹಾಕಬೇಕಾಗತ್ತೆ."

ಅಗೆದು ತೋರಿಸೋಣವೆಂದರೆ, ದಂಡೆಯಲ್ಲಿ ಮರಳು ಅಗೆಯುವುದನ್ನು ಪುರಸಭೆಯೇ ನಿಷೇಧಿಸಿತ್ತು. ಆ ಠರಾವನ್ನೂ ಬರೆದವಳು ಆಕೆಯೇ. ಗಾಳಿ ತಿರುಗಿ ಮರಳು ಇಳಿಯಲು ಇನ್ನೂ ಎರಡು ತಿಂಗಳು. ಇದ್ದದ್ದು ಮೂವತ್ತು ದಿನ.

ಮನೆಯಲ್ಲಿ ಎಂಜಿನಿಯರ್‌ಗೆ ಹೊಸ ಹೆಸರು ಬಿತ್ತು.

"ಏನಂತಾನೆ ನಿಮ್ಮ ಅರವತ್ತೊಂದು?" ಎಂದು ಮೇಸ್ತ್ರಿ ದಿನವೂ ಕೇಳುತ್ತಿದ್ದರು.

"ನಮ್ಮ ಅರವತ್ತೊಂದಲ್ಲ ಅಪ್ಪಾ. ಅವರ ಹೆಸರೆತ್ತಬೇಡಿ."

ಆಕೆ ಆತನೊಡನೆ ಮಾತು ಬಿಟ್ಟಳು. ಕಡತಗಳನ್ನು ಮೇಜಿನ ಮೇಲಿಟ್ಟು ಬಂದುಬಿಡುತ್ತಿದ್ದಳು. ಆದರೂ ಆತ ಬಾಗಿಲು ದಾಟಿದರೆ ಕಾಗದದಿಂದ ಕಣ್ಣು ತಾನಾಗಿ ಮೇಲೇಳುತ್ತಿತ್ತು. ಕೋಪವಿದ್ದವರ ಹೆಜ್ಜೆಯ ಸದ್ದನ್ನು ಯಾರಾದರೂ ಇಷ್ಟು ಚೆನ್ನಾಗಿ ಗುರುತಿಸುತ್ತಾರೆಯೇ...?

ಹನ್ನೆರಡನೆಯ ದಿನದ ಬೆಳಿಗ್ಗೆ ಆಕೆ ಕಚೇರಿಯ ಕಿಟಕಿಯಿಂದ ನೋಡಿದಳು. ಮೆಟ್ಟಿಲುಸಾಲಿನ ತಲೆಯಲ್ಲಿ ಅಡ್ಡಲಾಗಿ ಹಗ್ಗ. ಹಗ್ಗಕ್ಕೆ ಹಲಗೆ: ಪ್ರವೇಶವಿಲ್ಲ.

ಆತ ಒಳಗೆ ಬರುತ್ತಿದ್ದಂತೆ ಆಕೆ ಎದ್ದುನಿಂತಳು.

"ಮೂವತ್ತು ದಿನ ಅಂತ ನೋಟಿಸು ಬರೆದದ್ದು ನಾನು! ಇನ್ನೂ ಹದಿನೆಂಟು ದಿನ ಬಾಕಿ ಇದೆ!"

"ಹಗ್ಗ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ. ಈಗ ಬಿಚ್ಚಿಸಿದೆ."

"ಯಾಕೆ ಕಟ್ಟಿದ್ದು?"

ಆತ ಉತ್ತರ ಕೊಡಲು ಹೊರಟು ತಡೆದ. "ಮುಗಿಯೋ ತನಕ ಹೇಳಲ್ಲ. ಒಂದು ಸಲ ಅವಸರದಲ್ಲಿ ಬರೆದು ಕೆಡಿಸಿದ್ದೀನಿ."

"ನಿಮಗೆ ಅಂಕಿ ಇದ್ರೆ ಸಾಕು. ಅದರ ಮೇಲೆ ಕಾಲಿಟ್ಟು ನಡೆಯೋ ಮನುಷ್ಯರು ಬೇಕಾಗಿಲ್ಲ!"

ಆತನ ಮುಖ ಬಿಳಿಚಿತು. ಹೋಗಿ ತನ್ನ ಮೇಜಿಗೆ ಕುಳಿತ. ಆತನ ಬೆರಳ ಸಂದುಗಳಲ್ಲಿ ಒದ್ದೆ ಮರಳಿತ್ತು. ಆಕೆ ಅದನ್ನು ನೋಡಿದಳು; ಕೋಪದಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ಮೇಸ್ತ್ರಿಯ ಪಾದಗಳಲ್ಲೂ ಮರಳು.

"ನೀವು ಇಳಿಯೋ ಹೊತ್ತಿಗೆ ಹಗ್ಗ ಕಟ್ಟಿದ್ರಲ್ಲ ಅಪ್ಪಾ, ಹೇಗೆ ಇಳಿದ್ರಿ?"

"ದಾರಿ ಬಿಟ್ಟರು." ಅವರು ಮುಖ ಆಚೆ ತಿರುಗಿಸಿದರು. ಮೀಸೆಯ ತುದಿಯಲ್ಲಿ ನಗುವಿತ್ತು.

ಮೂವತ್ತನೆಯ ದಿನ ಸಭೆ ಸೇರಿತು. ಮೇಸ್ತ್ರಿ ಕೋಲೂರಿಕೊಂಡು ಬಂದು ಸಾರ್ವಜನಿಕರ ಬೆಂಚಿನ ಮೇಲೆ ಕುಳಿತರು. ಆಕೆ ತಂದೆಯ ಕಡೆ ನೋಡದೆ ಪುಸ್ತಕ ಬಿಡಿಸಿದಳು. ಇನ್ನು ಒಂದು ಗಂಟೆಯಲ್ಲಿ ಆ ದಾರಿ ಮುಚ್ಚುವ ವಾಕ್ಯವನ್ನು ತನ್ನ ಕೈಯಾರೆ ಬರೆಯಬೇಕು.

"ಆಕ್ಷೇಪಣೆ ಎಷ್ಟು ಬಂದಿವೆ?" ಅಧ್ಯಕ್ಷೆ ಕೇಳಿದರು.

"ಒಂದು." ಬೆಳಿಗ್ಗೆ ಟಪಾಲಿನಲ್ಲಿ ಬಂದಿದ್ದ ಲಕೋಟೆ. ಸಭೆಯಲ್ಲೇ ಒಡೆಯಬೇಕೆಂದು ನಿಯಮ.

"ಓದಮ್ಮ."

ಸಭೆಯಲ್ಲಿ ಆಕೆ ಬಾಯಿ ತೆರೆಯಬಹುದಾದದ್ದು ಇದೊಂದಕ್ಕೆ ಮಾತ್ರ. ಲಕೋಟೆ ಒಡೆದಳು. ಅಕ್ಷರ ಕಂಡ ಕೂಡಲೇ ಎಂಜಿನಿಯರ್ ಕಡೆ ಒಮ್ಮೆ ನೋಡಿದಳು.

"ನಾನು ಕೊಟ್ಟ ವರದಿಗೆ ನನ್ನದೇ ಆಕ್ಷೇಪಣೆ..."

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ವರದಿಯನ್ನು ತಾನೇ ಆಕ್ಷೇಪಿಸಬಾರದೆಂದು ನಿಯಮವಿರಲಿಲ್ಲ. ಅಂಥ ಕೆಲಸವನ್ನು ಯಾರಾದರೂ ಮಾಡಬಹುದೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

ಆಕೆ ಮುಂದೆ ಓದಿದಳು.

"ಅಧ್ಯಕ್ಷರ ಲಿಖಿತ ಅನುಮತಿ ಪಡೆದು ಮೂರು ಬೆಳಿಗ್ಗೆ ಮರಳು ಅಗೆದೆ. ದಿನಕ್ಕೊಂದು ಮೆಟ್ಟಿಲು ದೊರೆಯಿತು. ಎಲ್ಲಿ ಅಗೆಯಬೇಕೆಂದು, ಪ್ರತಿ ಮೆಟ್ಟಿಲ ಎತ್ತರ ಎಂಟಂಗುಲವೆಂದು ತೋರಿಸಿಕೊಟ್ಟವರು ಅದನ್ನು ಕಟ್ಟಿದ ಮೇಸ್ತ್ರಿ. ಅರವತ್ತೊಂದನೆಯದರಿಂದ ಎಂಟು, ಹದಿನಾರು, ಇಪ್ಪತ್ತನಾಲ್ಕು ಅಂಗುಲ ಕೆಳಗೆ ಮೂರೂ ಇವೆ. ಬುಡ ಗಟ್ಟಿಯಾಗಿದೆ. ಮುಚ್ಚಲು ಕಾರಣವಿಲ್ಲ."

ಆಕೆಯ ದನಿ ಸಣ್ಣದಾಯಿತು.

"ಈ ಸಂಗತಿಯನ್ನು ಕಚೇರಿಯ ಗುಮಾಸ್ತೆ ನನಗೆ ಮೊದಲೇ ತಿಳಿಸಿದ್ದರು. ಬರವಣಿಗೆಯಲ್ಲಿ ಬೇಕೆಂದು ನಾನು ಹಟ ಹಿಡಿದೆ. ಅವರು ಬರೆಯುವಂತಿರಲಿಲ್ಲ. ಆದ್ದರಿಂದ ಅವರ ಮಾತನ್ನು ನಾನು ಬರೆದಿದ್ದೇನೆ."

ಕೊನೆಯ ಸಾಲಿನ ಮೇಲೆ ಒಂದು ಹನಿ ಬಿದ್ದು ಮಸಿ ಕದಡಿತು.

"ನೋಟಿಸು ವಾಪಸು," ಎಂದರು ಅಧ್ಯಕ್ಷೆ. "ಬರ್ಕೋಮ್ಮ. ಕಣ್ಣೊರೆಸಿಕೊಂಡು ಬರ್ಕೋ, ಪುಸ್ತಕ ಸರ್ಕಾರದ್ದು."

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಆತ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ.

ಸಭೆ ಮುಗಿದು ಮೊಗಸಾಲೆಯಲ್ಲಿ ಇಬ್ಬರೂ ಎದುರಾದರು.

"ಅವತ್ತು ಅಂದದ್ದು... ತಪ್ಪಾಯ್ತು," ಎಂದಳು.

"ಮೊದಲ ತಪ್ಪು ನನ್ನದು."

"ಅಲ್ಲ. ಮೊದಲ ತಪ್ಪು ನನ್ನದೇ. ಆವತ್ತು ಮೆಟ್ಟಿಲ ಮೇಲೆ ಸುಮ್ಮನಿದ್ದೆ."

"ಯಾಕೆ ಸುಮ್ಮನಿದ್ರಿ? ಈಗಾದ್ರೂ ಹೇಳಿ."

"ಮರಳು ಇಳಿದ ಮೇಲೆ ಹೇಳ್ತೀನಿ."

ಎರಡು ತಿಂಗಳು ಕಳೆಯಿತು. ಗಾಳಿ ತಿರುಗಿತು. ಒಂದು ಬೆಳಿಗ್ಗೆ ಮೂರು ಮೆಟ್ಟಿಲೂ ಒದ್ದೆಯಾಗಿ, ಕಪ್ಪಗೆ, ಪೂರ್ತಿ ಹೊರಬಂದಿದ್ದವು.

ಮೇಸ್ತ್ರಿ ಮೇಲಿನ ಕಟ್ಟೆಯ ಮೇಲೆ ಕುಳಿತರು. "ಇಬ್ಬರೂ ಸರಿಯಾಗಿ ಎಣಿಸಿ. ಈ ಸಲ ತಪ್ಪಿದ್ರೆ ನಾನೇ ಅರ್ಜಿ ಹಾಕ್ತೀನಿ."

ಆಕೆ ಕೆಳಗಿನಿಂದ ಹೊರಟಳು. ಆತ ಮೇಲಿನಿಂದ. ಈ ಸಲ ಇಬ್ಬರೂ ತಲೆ ತಗ್ಗಿಸಿರಲಿಲ್ಲ.

"ಮೂವತ್ತೆರಡು," ಎಂದು ಆಕೆ ನಿಂತಳು.

"ಮೂವತ್ತಮೂರು," ಎಂದು ಆತ ನಿಂತ.

ಆಕೆ ಮನಸ್ಸಿನಲ್ಲೇ ಕೂಡಿಸಿದಳು. ಹುಬ್ಬು ಗಂಟಿಕ್ಕಿತು. "ಅರವತ್ತೈದು! ಒಂದು ಹೆಚ್ಚಾಯ್ತಲ್ಲ... ನೀವು ಮತ್ತೆ ತಪ್ಪಿದ್ರಿ!"

"ತಪ್ಪಿಲ್ಲ. ಒಂದು ಮೆಟ್ಟಿಲನ್ನ ಇಬ್ಬರೂ ಎಣಿಸಿದ್ದೀವಿ."

"ಯಾವುದನ್ನ?"

"ಕೆಳಗೆ ನೋಡಿ."

ಆಕೆ ನೋಡಿದಳು. ಒಂದೇ ಮೆಟ್ಟಿಲ ಮೇಲೆ ನಾಲ್ಕು ಪಾದಗಳು. ಆವತ್ತು ಅವರ ನಡುವೆ ಒಂದು ಮೆಟ್ಟಿಲ ಅಂತರವಿತ್ತು. ಇಂದು ಇರಲಿಲ್ಲ.

ಆತ ಜೇಬಿಗೆ ಕೈ ಹಾಕಿದ. "ಹೇಳಬೇಕಾದದ್ದನ್ನ ಬರೆದು ತಂದಿದ್ದೀನಿ."

"ಬರವಣಿಗೆ ಬೇಡ. ದಿನವಿಡೀ ಅದೇ ನೋಡ್ತೀನಿ. ಬಾಯಲ್ಲಿ ಹೇಳಿ."

ಆತ ಕಾಗದವನ್ನು ಒಳಗಿಟ್ಟ. ಸಮುದ್ರದ ಕಡೆ ನೋಡಿದ. ಆಮೇಲೆ ಆಕೆಯ ಕಡೆ. "ನೀವಂದ್ರೆ ನನಗೆ ಇಷ್ಟ. ಜೀವನ ಪೂರ್ತಿ ನಿಮ್ಮ ಜೊತೆ ಇರೋ ಆಸೆ." ತಡೆದು, "ಕಡಿಮೆಯಾಯ್ತಾ?" ಎಂದ.

"ಇಲ್ಲ..." ಆಕೆಯ ಕಣ್ಣು ತುಂಬಿತು. "ಸರಿಯಾಗಿದೆ."

"ಆವತ್ತು ಯಾಕೆ ಸುಮ್ಮನಿದ್ರಿ?"

"ನೀವು ಬರ್ಕೊಳ್ಳೋದನ್ನ ನೋಡ್ತಾ ಇದ್ದೆ."

ಆತ ಕೈ ಚಾಚಿದ. ಆಕೆ ಹಿಡಿದಳು.

ಮೇಲಿನಿಂದ ಮೇಸ್ತ್ರಿಯ ದನಿ ಬಂತು. "ಪುಟ್ಟಿ! ಎಷ್ಟಾಯ್ತು?"

ಆಕೆ ಕೈ ಬಿಡದೆ ಕೂಗಿದಳು. "ಅರವತ್ತೈದು, ಅಪ್ಪಾ!"

ಕಟ್ಟೆಯ ಮೇಲೆ, ಅರವತ್ತನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಕೂರಿಸಿದ ಮನುಷ್ಯ ಲೆಕ್ಕ ಹಾಕುತ್ತಿದ್ದರು.

"ಸರಿ," ಎಂದರು. "ಹಾಗಾದ್ರೆ ನಾನು ನಿಧಾನವಾಗಿ ಇಳಿದು ಬರ್ತೀನಿ."