ಅತ್ತೆ ಮಡಿಸಿದ ಪುಟ

ದೆವ್ವ ಗಿವ್ವ ನಂಬುವವಳಲ್ಲ ನಾನು, ಆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ನಾನೂ ಸೋದರತ್ತೆಯೂ ಒಂದು ಪಣ ತೊಟ್ಟಿದ್ದೆವು: ನಮ್ಮಿಬ್ಬರಿಗೂ ಹುಚ್ಚು ಹಿಡಿಸಿದ್ದ ಆ ಹಳೆಯ ಪತ್ತೇದಾರಿ ಕಾದಂಬರಿಕಾರನ ಒಂದು ಪುಸ್ತಕವನ್ನೂ ಬಿಡದೆ ಓದುವುದು. ಅತ್ತೆ ಮೊದಲು ಓದುತ್ತಿದ್ದಳು. ಕೊಲೆಗಾರ ಎಂದು ಯಾರ ಮೇಲೆ ಗುಮಾನಿಯೋ, ಅವರು ಮೊದಲು ಕಾಣಿಸಿಕೊಳ್ಳುವ ಪುಟದ ಮೂಲೆ ಮಡಿಸಿ, ಬಟ್ಟೆಯ ಅಂಚು ಕೂರಿಸುವ ಹಾಗೆ ಉಗುರಿನಿಂದ ಗೀರುತ್ತಿದ್ದಳು. ಅವಳ ಊಹೆ ಒಮ್ಮೆಯೂ ನಿಜವಾಗಲಿಲ್ಲ. "ಮುಂದಿನದ್ರಲ್ಲಿ ಹಿಡೀತೀನಿ ನೋಡೇ," ಅನ್ನುತ್ತಿದ್ದವಳು ಕಳೆದ ವರ್ಷ ತೀರಿಕೊಂಡಳು. ಉಳಿದಿದ್ದು ಒಂದೇ ಕಾದಂಬರಿ. ಅದನ್ನು ಮುಟ್ಟುವ ಮನಸ್ಸೇ ನನಗೆ ಬರಲಿಲ್ಲ.

ಕೊನೆಗೆ ನನ್ನ ಗಂಡನೇ ಹೊಸ ಪ್ರತಿ ತಂದರು. "ಓದಿ ಮುಗಿಸೇ, ಅವರಿಗೂ ಸಮಾಧಾನ ಆಗುತ್ತೆ."

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಪ್ಲಾಸ್ಟಿಕ್ ಹೊದಿಕೆಯನ್ನು ನಾನೇ ಕತ್ತರಿಸಿ ತೆಗೆದೆ. ಒಳಗೆ ಒಂದು ಪುಟದ ಮೂಲೆ ಮಡಿಸಿತ್ತು, ಉಗುರಿನ ಗೀರಿನ ಸಮೇತ. ಲವಂಗದ ವಾಸನೆ ಬಂತು. ಅತ್ತೆಯ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಪಕ್ಕದಲ್ಲಿದ್ದ ಅವಳ ಸ್ಟೂಲ್ ಮುಟ್ಟಿದೆ. ಯಾರೋ ಆಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ಹೆದರಲಿಲ್ಲ ಅಂದರೆ ಸುಳ್ಳಾದೀತು. ಆದರೂ ಓದಿದೆ, ಗಟ್ಟಿಯಾಗಿ, ಸ್ಟೂಲಿಗೂ ಕೇಳಿಸುವ ಹಾಗೆ. ಮಡಿಸಿದ ಪುಟದಲ್ಲಿ ಬರುವವಳು ಬಾಯಿ ಸತ್ತ ದಾದಿ. "ಪಾಪ, ಇವಳಲ್ಲ ಬಿಡು ಅತ್ತೆ," ಎಂದೆ.

ದೀಪ ಹಾಕುವ ಹೊತ್ತಿಗೆ ಕಥೆ ಮುಗಿಯಿತು. ಕೊಲೆ ಮಾಡಿದವಳು ದಾದಿಯೇ.

"ಅತ್ತೆ, ಕೊನೇ ಪುಟ ಮೊದಲೇ ನೋಡಿಬಿಟ್ಯಾ?"

ಸ್ಟೂಲಿನ ಮೇಲೆ ಕೈಯಿಟ್ಟೆ. ಇನ್ನೂ ಬೆಚ್ಚಗಿತ್ತು.