ಕೆಂಪಿಗೆ ಕೆಂಪು, ಹಸಿರಿಗೆ ಹಸಿರು

ಶೆಡ್ಡಿನ ಶಟರ್ ಅರ್ಧ ಎತ್ತಿದಾಗ ಅವಳಿಗೆ ಮೊದಲು ಕಂಡದ್ದು ಒಂದು ಜೊತೆ ಬೂಟು. ಎಡಗಾಲಿನದಕ್ಕೆ ಲೇಸ್ ಇರಲಿಲ್ಲ, ತಂತಿ ಕಟ್ಟಿತ್ತು.

ಅವಳ ಕೈ ಶಟರಿನ ಮೇಲೇ ನಿಂತುಬಿಟ್ಟಿತು. ಬೂಟಿಗೆ ತಂತಿ ಕಟ್ಟಿಕೊಂಡು ತಿರುಗುವ ಮನುಷ್ಯ ಲೋಕದಲ್ಲಿ ಒಬ್ಬನೇ.

'ಕೆಳಗೆ ಎಳೆದುಬಿಡಲಾ?' ಅಂತ ಮನಸ್ಸು ಕೇಳಿತು. ಹಾಳು ಕೈ, ಮೇಲಕ್ಕೇ ಎತ್ತಿತು.

"ನೀವಾ?" ಅಂದಳು.

"ನಾನೇ."

"ಸ್ಪೇರ್ ಪಾರ್ಟ್ಸ್ ಅಂಗಡಿಯವರು ಒಳ್ಳೆ ಮೆಕ್ಯಾನಿಕ್ ಕಳಿಸ್ತೀನಿ ಅಂದಿದ್ರು."

"ಒಳ್ಳೆಯವನಿಗೆ ಜ್ವರ. ಅದಕ್ಕೆ ನನ್ನ ಕಳಿಸಿದ್ರು." ಟೂಲ್‌ಬಾಕ್ಸ್ ಕೈ ಬದಲಿಸಿದ. "ಯಾರ ಮನೆ ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಯ್ತು ಅಂದ್ರೆ ನೀನು ನಂಬಲ್ಲ."

"ನಂಬಲ್ಲ."

"ಗೊತ್ತಿದ್ದೇ ಬಂದೆ."

ಅವಳು ಬಾಗಿಲಿಂದ ಸರಿದಳು. 'ಬನ್ನಿ' ಅನ್ನಲಿಲ್ಲ, 'ಹೋಗಿ' ಅಂತಲೂ ಅನ್ನಲಿಲ್ಲ. ಒಂದು ಕಾಲದಲ್ಲಿ ಇವನನ್ನು ಏಕವಚನದಲ್ಲಿ ಕರೆದು, ಬೈದು, ರೇಗಿಸಿ, ಮದುವೆಗೂ ಒಪ್ಪಿದ್ದವಳು ಅವಳು. ಈಗ ಆ 'ನೀವು' ಇಬ್ಬರ ನಡುವೆ ಬೀಗ ಹಾಕಿದ ಗೇಟಿನ ಹಾಗೆ ನಿಂತಿತ್ತು.

ಅವಳು ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿಂದಿನ ಶೆಡ್ಡಿನಲ್ಲಿ ಅಪ್ಪನ ಹಳೇ ಕಾರು. ಅಪ್ಪ ನಿವೃತ್ತ ಬಸ್ ಡ್ರೈವರ್. ಇವನು ಅದೇ ಬಸ್ ಡಿಪೋದಲ್ಲಿ ಎಂಜಿನ್ ಕೆಲಸ ಕಲಿತವನು. ಯಾವ ಬೋಲ್ಟ್ ಮುಟ್ಟಿದರೂ "ಮೆಲ್ಲಗೆ, ಮೆಲ್ಲಗೆ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದುದರಿಂದ ಅಪ್ಪ ಅವನಿಗೆ ಇಟ್ಟ ಹೆಸರು ಮೆಲ್ಲಪ್ಪ. ಡಿಪೋದಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು.

ಅಪ್ಪನಿಗೆ ಒಂದು ಆಸೆಯಿತ್ತು. "ಜೀವಮಾನವೆಲ್ಲ ಕಂಡೋರನ್ನ ಅವರವರ ಸ್ಟಾಪಲ್ಲಿ ಇಳಿಸಿದೆ. ಒಂದು ಸಲ ನಾನೊಬ್ಬನೇ, ಎಲ್ಲೂ ನಿಲ್ಲಿಸದೆ, ಬೆಟ್ಟದ ರೇಸಿನಲ್ಲಿ ಓಡಿಸ್ಬೇಕು ಕಣೇ" ಅನ್ನುತ್ತಿದ್ದ. ಅದಕ್ಕಾಗಿ ರೇಸಿನ ಕ್ಯಾಮ್‌ಶಾಫ್ಟ್ ಎರಡು ತರಿಸಿದ್ದ. ಕ್ಯಾಮ್‌ಶಾಫ್ಟ್ ಅಂದರೆ ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳಿರುವ ಸಲಾಕೆ. ತಿರುಗುವಾಗ ಆ ಉಬ್ಬುಗಳು ಎಂಜಿನ್ನಿನ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ. ಉಬ್ಬು ಎತ್ತರವಾದಷ್ಟೂ ಎಂಜಿನ್ನಿಗೆ ಉಸಿರು ಜಾಸ್ತಿ. ಎಣ್ಣೆ ಕಾಗದದಲ್ಲಿ ಸುತ್ತಿಬಂದ ಅವನ್ನು ಅಪ್ಪ ಎಳೆಕೂಸನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ.

ಕೂರಿಸುವ ಕೆಲಸ ಇವನದು. ಎರಡು ಕ್ಯಾಮಿಗೂ ಒಂದೊಂದು ಹಲ್ಲಿನ ಚಕ್ರ, ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಬೆಲ್ಟು ಚಕ್ರದ ಸರಿಯಾದ ಹಲ್ಲಿಗೇ ಕೂರಬೇಕು. ತಪ್ಪಿದರೆ ಕೆಳಗಿಂದ ಬರುವ ಪಿಸ್ಟನ್ನು ತೆರೆದ ವಾಲ್ವಿಗೆ ಗುದ್ದುತ್ತದೆ. ಗುರುತು ಹಾಕಲು ಅವನು ಅವಳ ನೇಲ್ ಪಾಲಿಶ್ ಕೇಳಿದ್ದ. ಚಕ್ರದ ಮೇಲೊಂದು ಚುಕ್ಕೆ, ಅದಕ್ಕೆ ಎದುರಾಗಿ ಬೆಲ್ಟಿನ ಮೇಲೊಂದು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು.

ಎಣ್ಣೆ ಸೋರದ ಹಾಗೆ ತಡೆಯುವ ಸೀಲ್ ತರಲು ಅವನು ಅಂಗಡಿಗೆ ಹೋಗಿದ್ದಾಗ ಅದು ಆಯಿತು. ಟಣ್ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಎಂಜಿನ್ನು ಒಂದು ಸುತ್ತೂ ಪೂರ್ತಿ ಬಾರದೆ ಸಿಕ್ಕಿಕೊಂಡಿತ್ತು. ಅವಳು ಓಡಿಬಂದು ನೋಡಿದರೆ ಬೆಲ್ಟಿನ ಕೆಂಪು ಚುಕ್ಕೆ ಚಕ್ರದ ಹಸಿರು ಚುಕ್ಕೆಯ ಎದುರು ಕೂತಿತ್ತು.

"ಬೆಲ್ಟ್ ಹಾಕಿ ಹೋದವನು ಅವನೇ. ನಾನು ಕೀ ತಿರುಗಿಸಿದೆ, ಅಷ್ಟೆ" ಅಂದಿದ್ದ ಅಪ್ಪ.

ಅವನು ವಾಪಸ್ ಬಂದಾಗ ಅವಳು ಕೇಳಿದ್ದು ಒಂದೇ ಮಾತು. "ಯಾಕೆ ಹೀಗ್ಮಾಡಿದೆ?"

ಅವನು ಆ ಚುಕ್ಕೆಗಳನ್ನು ನೋಡಿದ. ಅಪ್ಪನ ಮುಖ ನೋಡಿದ. "ತಪ್ಪಾಯ್ತು" ಅಂದ.

"ಕೆಂಪು ಯಾವುದು ಹಸಿರು ಯಾವುದು ಅಂತ ಗೊತ್ತಾಗದವನಿಗೆ ನಾನು ಮಗಳನ್ನ ಕೊಡಲ್ಲ" ಅಂದಿದ್ದ ಅಪ್ಪ.

ಆಗಲೂ ಅವನು ಬಾಯಿ ಬಿಡಲಿಲ್ಲ. ಅವಳ ಎದೆ ಉರಿದದ್ದು ಎಂಜಿನ್ನಿಗಲ್ಲ, ಆ ಮೌನಕ್ಕೆ. 'ನನಗೋಸ್ಕರ ಒಂದು ಮಾತೂ ಆಡದವನು!' "ಹೋಗು. ಇನ್ಯಾವತ್ತೂ ಈ ಮೆಟ್ಟಿಲು ಹತ್ತಬೇಡ" ಅಂದಿದ್ದಳು. ಅವನು ಹೋಗಿದ್ದ... ಮೆಲ್ಲಗೆ.

ವರ್ಷಗಳು ಕಳೆದವು. ಅಮ್ಮ ಹೋದಳು. ಅಪ್ಪನಿಗೆ ಎದೆನೋವು ಬಂದು ಡಾಕ್ಟರು ಸ್ಟೀರಿಂಗ್ ಬಿಡಿಸಿದರು. ಅಪ್ಪ ಕಿಟಕಿಯಲ್ಲಿ ಕೂತು ಕಂಡವರ ಗಾಡಿಗಳ ಸದ್ದು ಕೇಳುತ್ತ ದಿನ ತಳ್ಳುತ್ತಿದ್ದ. ಅದನ್ನು ನೋಡಲಾರದೆ ಅವಳೇ ಎಂಜಿನ್ನಿನ ತಲೆಭಾಗ ಬಿಚ್ಚಿಸಿ ಹೊಸ ವಾಲ್ವ್ ಹಾಕಿಸಿ ತರಿಸಿದ್ದಳು. ಓಡಿಸುವುದು ಬೇಡ, ಆ ಕ್ಯಾಮುಗಳ ಸದ್ದನ್ನಾದರೂ ಅಪ್ಪ ಒಮ್ಮೆ ಕೇಳಲಿ ಅಂತ.

ಈಗ ಶೆಡ್ಡಿನಲ್ಲಿ ಮೆಲ್ಲಪ್ಪ ಕೆಲಸಕ್ಕೆ ಇಳಿದಿದ್ದ. ಕ್ಯಾಮಿನ ಉಬ್ಬುಗಳಿಗೆ ಗ್ರೀಸು ಸವರಿ, ತೊಟ್ಟಿಲಿಗೆ ಹಾಕುವ ಹಾಗೆ ಒಂದೊಂದನ್ನೇ ಇಳಿಸಿ, ಅವನ್ನು ಹಿಡಿದಿಡುವ ಪಟ್ಟಿಗಳನ್ನು ನಂಬರಿನ ಪ್ರಕಾರ ಬಿಗಿದ. ಕೈ ಒರೆಸಲು ಚಿಂದಿ ತಗೊಂಡವನು ಅದನ್ನೇ ತಿರುಗಿಸಿ ನೋಡಿದ. ಕಾಲರಿತ್ತು. ಒಂದು ತೋಳಿತ್ತು.

"ಇದು ನಂಗೆ ಅಂತ ಹೊಲಿತಿದ್ದ ಷರ್ಟಲ್ವಾ?"

"ಆಗಿತ್ತು. ಎಣ್ಣೆ ಚೆನ್ನಾಗಿ ಹೀರುತ್ತೆ."

"ಬಟ್ಟೆ ಒಳ್ಳೇದು" ಅಂದ. ಮತ್ತೆ ಅದರಲ್ಲಿ ಕೈ ಒರೆಸಲಿಲ್ಲ, ಪ್ಯಾಂಟಿಗೆ ಒರೆಸಿಕೊಂಡ.

ಅವಳಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ನೇಲ್ ಪಾಲಿಶ್ ಬೇಕಿತ್ತು" ಅಂದ ಸ್ವಲ್ಪ ಹೊತ್ತಿನ ಮೇಲೆ. "ಬಿಳಿ ಇದ್ರೆ ಸಾಕು."

"ಹೋದ ಸಲ ಕೆಂಪು, ಹಸಿರು ಎರಡೂ ಬೇಕು ಅಂತ ಕುಣಿದಿದ್ರಿ?"

"ಈ ಸಲ ಬಿಳಿ. ಒಂದು ಕಡೆ ಒಂದು ಚುಕ್ಕೆ, ಇನ್ನೊಂದು ಕಡೆ ಎರಡು. ಯಾರು ನೋಡಿದ್ರೂ ಗೊತ್ತಾಗ್ಬೇಕು."

"ಬಣ್ಣ ನೋಡಿದ್ರೆ ಗೊತ್ತಾಗದೋರು ಯಾರಿದ್ದಾರೆ ಇಲ್ಲಿ?"

ಅವನು ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಬಿಗಿಯತೊಡಗಿದ. ಅವಳಿಗೆ ಗೊತ್ತಿತ್ತು, ಇವನು ಸುಳ್ಳು ಹೇಳಬೇಕಾದಾಗ ಹೀಗೇ ಮಾಡುತ್ತಾನೆ.

ಅವಳು ಒಳಗೆ ಹೋದಳು. ಹೊಲಿಗೆ ಮೇಜಿನ ಮೇಲೆ ಹಸಿರು ಗೌನು ಕಾಯುತ್ತಿತ್ತು. ಅದಕ್ಕೆ ದಾರ ಹುಡುಕಿಡಿ ಅಂತ ಬೆಳಿಗ್ಗೆ ಅಪ್ಪನಿಗೆ ಹೇಳಿದ್ದಳು. ಅಪ್ಪ ಇಟ್ಟಿದ್ದ ರೀಲು ಕಂದು ಬಣ್ಣದ್ದು.

ಯಾವಾಗಲೂ ಹೀಗೇ. ಯಾವಾಗಲೂ ಅವಳು ಬೈಯುವವಳು, "ನಿಮಗೆ ಗಮನ ಎಲ್ಲಿರುತ್ತೆ ಅಪ್ಪ?" ಯಾವಾಗಲೂ ಅಪ್ಪ ಅನ್ನುವವನು, "ಈ ಕೋಣೆ ಬೆಳಕೇ ಸರಿಯಿಲ್ಲ."

ಇವತ್ತು ರೀಲು ಕೈಯಲ್ಲೇ ನಿಂತಿತು.

ಬಾಗಿಲಾಚೆ ಕಿಟಕಿಯ ಹತ್ತಿರ ಅಪ್ಪ ಕೂತಿದ್ದ. ಬಿಳಿ ಷರ್ಟು. ಅಮ್ಮ ಹೋದಾಗಿನಿಂದ ಬರೀ ಬಿಳಿ. "ಹೆಂಡತಿ ಮೇಲೆ ಏನು ಪ್ರೀತಿ ನೋಡಿ, ಬಣ್ಣವನ್ನೇ ಬಿಟ್ಟುಬಿಟ್ಟರು" ಅಂತ ಎದುರುಮನೆ ಅತ್ತೆ ಕಣ್ಣೊರೆಸಿಕೊಂಡಿದ್ದಳು. ಅಮ್ಮ ಇದ್ದಾಗ ದಿನಾ ಬೆಳಿಗ್ಗೆ ಷರ್ಟು, ಪ್ಯಾಂಟು ಜೋಡಿಸಿ ಮಂಚದ ಮೇಲೆ ಇಡುತ್ತಿದ್ದಳು. ತಾನು ಊರಿಗೆ ಹೋದರೆ ನಾಲ್ಕು ಜೊತೆ ಮಡಿಸಿಟ್ಟು ಹೋಗುತ್ತಿದ್ದಳು...

'ಅಮ್ಮನಿಗೆ ಗೊತ್ತಿತ್ತು. ಅವನಿಗೂ ಗೊತ್ತಿದೆ. ನನಗೊಬ್ಬಳಿಗೆ...'

ಅವಳು ಡ್ರಾಯರಿನಿಂದ ಎರಡು ಶೀಶೆ ತೆಗೆದಳು. ಒಂದು ಕಡುಗೆಂಪು, ಒಂದು ಕಡುಹಸಿರು. ಅಪ್ಪನ ಮುಂದಿನ ಸ್ಟೂಲಿನ ಮೇಲೆ ಇಟ್ಟಳು.

"ಅಪ್ಪ, ಇದರಲ್ಲಿ ಕೆಂಪು ಯಾವುದು?"

"ಏನಿದು, ಪರೀಕ್ಷೆನಾ?" ಅಪ್ಪ ನಕ್ಕ. ಅವಳು ನಗಲಿಲ್ಲ. ಅಪ್ಪನ ಕೈ ಒಂದು ಶೀಶೆಯ ಹತ್ತಿರ ಹೋಯಿತು, ಹಿಂದೆ ಬಂತು. ಇನ್ನೊಂದರ ಹತ್ತಿರ ಹೋಯಿತು. ಆಮೇಲೆ ತೊಡೆಯ ಮೇಲೆ ಬಿದ್ದುಬಿಟ್ಟಿತು.

"ಸಿಗ್ನಲ್ಲಲ್ಲಿ ಮೇಲಿರೋದು ಕೆಂಪು, ಕೆಳಗಿರೋದು ಹಸಿರು" ಅಂದ. "ನನಗೆ ಅಷ್ಟು ಸಾಕಾಗಿತ್ತು, ಮಗಳೇ. ಶೀಶೆಗೆ ಮೇಲೂ ಇಲ್ಲ, ಕೆಳಗೂ ಇಲ್ಲ."

"ಹುಟ್ಟಿದಾಗಿಂದಲಾ?"

"ಗೊತ್ತಾಗಿದ್ರೆ ಡ್ರೈವರ್ ಕೆಲಸ ಕೊಡ್ತಿದ್ರಾ? ಯಾರಿಗೂ ಹೇಳಲಿಲ್ಲ."

"ಬೆಲ್ಟ್ ಹಾಕಿದ್ದು ನೀವೇ ಅಲ್ವಾ?"

ಅಪ್ಪ ಕಿಟಕಿಯಾಚೆ ನೋಡಿದ. "ಅವನು ಬರೋವರೆಗೆ ಕಾಯಕ್ಕಾಗಲಿಲ್ಲ. ಕ್ಯಾಮ್ ಕೂತಾಗಿತ್ತು... ಬೆಲ್ಟೊಂದು ತಾನೆ ಅಂದ್ಕೊಂಡೆ."

"ಕೆಂಪು ಹಸಿರು ಗೊತ್ತಾಗದವನಿಗೆ ಮಗಳನ್ನ ಕೊಡಲ್ಲ ಅಂದ್ರಿ, ಅಪ್ಪ."

"ಅವನು 'ಇಲ್ಲ, ನಾನಲ್ಲ' ಅಂತಾನೆ ಅಂದ್ಕೊಂಡಿದ್ದೆ. ಅಂದಿದ್ರೆ ಒಪ್ಪಿಕೊಳ್ತಿದ್ದೆ. ಅವನು ಅನ್ನಲಿಲ್ಲ." ಅಪ್ಪನ ದನಿ ಇಳಿಯಿತು. "ಕೋಪ ಬಂತಾ?"

"ಬಂದಿದೆ. ಬೇಗ ಹೋಗಲ್ಲ."

ಅವಳು ಬಿಳಿ ಶೀಶೆ ಹಿಡಿದುಕೊಂಡು ಶೆಡ್ಡಿಗೆ ನಡೆದಳು. ಅವನ ಮುಂದೆ ಅದನ್ನು ಠಪ್ ಅಂತ ಇಟ್ಟಳು.

"ಯಾರು ಕೊಟ್ರು ನಿನಗೆ ಆ ಹಕ್ಕು?"

ಅವನು ತಲೆ ಎತ್ತಿದ. 'ನೀವು' ಹೋಗಿತ್ತು.

"ಇಷ್ಟು ವರ್ಷ ನಿನ್ನ ದ್ವೇಷ ಮಾಡಿದೆ. ದಿನಾ, ಹಲ್ಲುಜ್ಜಿದ ಹಾಗೆ. ನೀನು ದೊಡ್ಡ ತ್ಯಾಗಿ ಆಗಿ ಹೊರಟುಹೋದೆ, ವಿಷ ಕುಡಿದೋಳು ನಾನು. ನಿಜ ತಡ್ಕೊಳ್ಳೋ ಶಕ್ತಿ ನನಗಿಲ್ಲ ಅಂತ ನೀನು ಹೇಗೆ ತೀರ್ಮಾನ ಮಾಡಿದೆ?"

"ತ್ಯಾಗ ಅಲ್ಲ." ಅವನು ಸ್ಪ್ಯಾನರ್ ಕೆಳಗಿಟ್ಟ. "ಸಿಟ್ಟು."

"ಸಿಟ್ಟಾ? ಯಾರ ಮೇಲೆ?"

"ನಿನ್ನ ಮೇಲೆ. ಚುಕ್ಕೆ ನೋಡಿದ ಕೂಡಲೇ ನನಗೆ ನಿಮ್ಮಪ್ಪನ ಕಣ್ಣು ಅರ್ಥ ಆಯ್ತು. ಆದ್ರೆ ಅವರು ಹೇಳಿದ್ದು ಬಿಡು. ನೀನು ಕೇಳ್ತೀಯಾ ಅಂತ ಕಾದೆ. 'ಇದು ನೀನೇ ಮಾಡಿದ್ದಾ?' ಅಂತ. ನೀನು ಕೇಳಿದ್ದು 'ಯಾಕೆ ಮಾಡಿದೆ' ಅಂತ."

ಶೆಡ್ಡಿನಲ್ಲಿ ಎಲ್ಲೋ ಎಣ್ಣೆ ತೊಟ್ಟಿಕ್ಕುವ ಸದ್ದು.

ಬಟ್ಟೆ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವವಳು ಅವಳು. ಆವತ್ತು ಒಂದು ಸಲವೂ ಅಳೆಯದೆ ಕತ್ತರಿ ಹಾಕಿದ್ದಳು.

"ನಂದೂ ತಪ್ಪಿದೆ" ಅಂದ ಅವನು. "ಗುರುತಿಗೆ ಯಾವ ಬಣ್ಣವಾದ್ರೂ ಆಗ್ತಿತ್ತು. ಒಂದು ಸೀಮೆಸುಣ್ಣ ಸಾಕಾಗಿತ್ತು. ನಿನ್ನ ಕೋಣೆ ಬಾಗಿಲು ತಟ್ಟೋಕೆ ನೆಪ ಬೇಕಿತ್ತು. ಅದಕ್ಕೆ ಒಂದಲ್ಲ, ಎರಡು ಬಣ್ಣ."

"ಅಷ್ಟಕ್ಕೆ ಒಂದು ಎಂಜಿನ್ ಹೋಯ್ತಾ?"

"ಎಂಜಿನ್ ಒಂದೇ ಅಲ್ಲ."

ಅವಳಿಗೆ ನಗು ಬಂತೋ ಅಳು ಬಂತೋ, ಮುಖ ತಿರುಗಿಸಿ ಮೂಗೊರೆಸಿಕೊಂಡಳು. ಆಮೇಲೆ, ಇಷ್ಟು ತಡವಾಗಿ, ಆ ಮಾತು ಕೇಳಿದಳು.

"ಆವತ್ತು... ಅದು ನೀನೇ ಮಾಡಿದ್ದಾ?"

"ಅಲ್ಲ" ಅಂದ.

ಬಿಳಿ ಚುಕ್ಕೆಗಳನ್ನು ಅವಳೇ ಇಟ್ಟಳು. ಅವನು ಬೆಲ್ಟು ಕೂರಿಸಿ, ಉದ್ದನೆಯ ಸ್ಪ್ಯಾನರನ್ನು ಕೆಳಗಿನ ಬೋಲ್ಟಿಗೆ ಸಿಕ್ಕಿಸಿ ಅವಳ ಕೈಗೆ ಕೊಟ್ಟ.

"ಕೀ ಮುಟ್ಟೋ ಮುಂಚೆ ಕೈಯಲ್ಲೇ ತಿರುಗಿಸಿ ನೋಡ್ಬೇಕು. ಎಲ್ಲಾದ್ರೂ ತಡೆದ್ರೆ ಜೋರು ಮಾಡ್ಬೇಡ, ನಿಲ್ಲಿಸು."

"ಆವತ್ತು ನಾವು ನಿಲ್ಲಿಸಲಿಲ್ಲ."

"ಇಲ್ಲ. ಜೋರು ಮಾಡಿದ್ವಿ."

ಅವಳು ಎಳೆದಳು. ಎಂಜಿನ್ನು ನಿಧಾನವಾಗಿ, ನಿಟ್ಟುಸಿರು ಬಿಡುತ್ತ ತಿರುಗಿತು. ಎಲ್ಲೂ ತಡೆಯಲಿಲ್ಲ. ಚುಕ್ಕೆಗಳ ಮೇಲೆ ಬೆರಳಾಡಿಸಿ ನೋಡಿದ ಮೇಲೆಯೇ ಅವನು ಮುಚ್ಚಳ ಹಾಕಿದ.

ಶೆಡ್ಡಿನ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ. ಅಪ್ಪ ಇಲ್ಲಿಗೆ ಕಾಲಿಟ್ಟು ವರ್ಷಗಳಾಗಿದ್ದವು.

"ಮೆಲ್ಲಪ್ಪ" ಅಂದ. "ಆವತ್ತು ಬೆಲ್ಟ್ ಹಾಕಿದ್ದು ನಾನು."

"ಗೊತ್ತು ಯಜಮಾನ್ರೇ."

"ಗೊತ್ತು ಅಂತ ಗೊತ್ತು. ಹೇಳ್ಬೇಕಿತ್ತು, ಹೇಳಿದೆ." ಕ್ಷಮಿಸು ಅನ್ನುವ ಮಾತು ಅಪ್ಪನ ಬಾಯಿಯವರೆಗೂ ಬಂದು ಅಲ್ಲೇ ಉಳಿಯಿತು. ಯಾರೂ ಅದನ್ನು ಹೊರಗೆ ಎಳೆಯಲಿಲ್ಲ.

ಅವಳು ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಎಂಜಿನ್ನು ಕೆಮ್ಮಿ, ಒದರಿ, ಹತ್ತಿಕೊಂಡಿತು. ಶೆಡ್ಡಿನ ತಗಡೆಲ್ಲ ನಡುಗಿತು.

"ಆಕ್ಸಿಲರೇಟರ್ ಒತ್ತಿ ಹಿಡಿ" ಅವನು ಕಿಟಕಿಗೆ ಬಗ್ಗಿ ಕೂಗಿದ. "ಹೊಸ ಕ್ಯಾಮಿಗೆ ಮೊದಲ ಸಲ ಸ್ವಲ್ಪ ಹೊತ್ತು ಕಾಲು ಬಿಡಬಾರದು. ಬಿಟ್ರೆ ಸವೆದುಹೋಗುತ್ತೆ."

ಅವಳು ಒತ್ತಿ ಹಿಡಿದಳು. ಬಾಗಿಲಲ್ಲಿ ಬಿಳಿ ಷರ್ಟಿನ ಮುದುಕ ಕಣ್ಣು ಮುಚ್ಚಿ ನಿಂತಿದ್ದ, ಬೆಟ್ಟ ಹತ್ತುತ್ತಿರುವವನ ಹಾಗೆ. ಅವಳಿಗೆ ಅಪ್ಪನ ಮೇಲೆ ಇನ್ನೂ ಕೋಪವಿತ್ತು. ಕಣ್ಣು ಮಾತ್ರ ತುಂಬಿತು. ಕಳೆದ ವರ್ಷಗಳನ್ನು ಯಾವ ಅಂಗಡಿಯವನೂ ತರಿಸಿಕೊಡಲಾರ.

ಕಿಟಕಿಯ ಕಡೆ ತಿರುಗಿ ಅವಳು ಏನೋ ಹೇಳಿದಳು.

"ಏನಂದೆ?"

"ಕೇಳಲಿಲ್ವಾ?"

"ಕೇಳಲಿಲ್ಲ. ಅದಕ್ಕೇ ಕೇಳ್ತಿದ್ದೀನಿ."

"ತೋಳಿನ ಅಳತೆ ಕೊಡು ಅಂದೆ. ಆ ಷರ್ಟು ಹಾಳಾಯ್ತು, ಬೇರೆ ಹೊಲಿಬೇಕು."

ಅವನು ಗ್ರೀಸು ಮೆತ್ತಿದ ಕೈಯನ್ನು ಕಿಟಕಿಯೊಳಗೆ ಚಾಚಿದ. ಅವಳು ಕುತ್ತಿಗೆಯ ಟೇಪು ತೆಗೆದು ಅವನ ಹೆಗಲಿಗೆ ಹಿಡಿದಳು. ಟೇಪಿನ ತುದಿ ಜಾರಿತು.

"ಮೆಲ್ಲಗೆ" ಅಂದ.

"ಸುಮ್ನಿರು. ಹಳೇ ಅಳತೆ ನೆನಪಿದೆ. ಆದ್ರೂ ಇನ್ನೊಂದು ಸಲ ನೋಡ್ತೀನಿ."

"ಕಾಲು ಬಿಡಬೇಡ."

"ಬಿಟ್ಟಿಲ್ಲ" ಅಂದಳು.